ಸೀಮೆಬದನೆ ನಂಬರ್ 31

ರಿಟೈರ್ ಆದ ದಿನ ಆಫೀಸಿನವರು ಶಾಲು ಹೊದಿಸಿ, ಕೈಗೊಂದು ಗುಲಾಬಿ ಕುಂಡ ಕೊಟ್ಟರು. 'ಇನ್ಮೇಲೆ ಆರಾಮಾಗಿ ಗಿಡ ಬೆಳೆಸ್ಕೊಂಡು ಇರಿ ಮೇಡಂ' ಅಂದರು. ಗುಲಾಬಿ ಹದಿನೈದು ದಿನವೂ ಬಾಳಲಿಲ್ಲ. 34 ವರ್ಷ ಬರೀ ಫೈಲು ತಿರುವಿದ ಕೈ ಅಂತ ಗಿಡಕ್ಕೂ ಗೊತ್ತಾಗಿರಬೇಕು.

ಆ ಅವಮಾನ ಇನ್ನೂ ಆರಿರಲಿಲ್ಲ. ತರಕಾರಿ ಬುಟ್ಟಿಯ ತಳದಲ್ಲಿ ಮರೆತುಹೋಗಿದ್ದ ಸೀಮೆಬದನೆಯೊಂದು ಮೊಳಕೆ ಒಡೆದು ನನಗೆ ನಾಲಿಗೆ ಚಾಚಿತು. ಈ ಕಾಯಿಗೆ ಇರುವುದು ಒಂದೇ ಬೀಜ. ಅದು ಕಾಯಿಯೊಳಗೇ ಮೊಳೆಯುತ್ತದೆ. ಹಾಗಾಗಿ ಇಡೀ ಕಾಯನ್ನೇ ಮಣ್ಣಲ್ಲಿ ಮಲಗಿಸಬೇಕು. ಹನುಮಂತನಗರದ ನಮ್ಮ ಮನೆ ತಾರಸಿಯಲ್ಲಿ ಹಳೇ ನೀಲಿ ಡ್ರಮ್ ಇತ್ತು. ಜೂನ್ ಮಳೆಗೆ ಅದರಲ್ಲಿ ಮಲಗಿಸಿದೆ, ಸತ್ತರೆ ಸಾಯಲಿ ಅಂತ.

ಸಾಯಲಿಲ್ಲ. ತಮಿಳರು ಇದಕ್ಕೆ ಬೆಂಗಳೂರು ಕತ್ತರಿಕ್ಕಾಯ್ ಅನ್ನುತ್ತಾರೆ, ತೆಲುಗರು ಬೆಂಗಳೂರು ವಂಕಾಯ ಅನ್ನುತ್ತಾರೆ. ಮೆಕ್ಸಿಕೋ ಕಡೆಯಿಂದ ಬಂದದ್ದನ್ನು ಅವರೆಲ್ಲ ಬೆಂಗಳೂರಿನದು ಅಂತ ಒಪ್ಪಿಕೊಂಡರೂ, ಬೆಂಗಳೂರಿನ ನಾವು ಮಾತ್ರ ಇನ್ನೂ ಸೀಮೆಯದು ಅಂತಲೇ ಕರೀತೀವಿ, ಪಾಪ. ಬಳ್ಳಿ ಬಟ್ಟೆ ಒಣಗಿಸುವ ತಂತಿ ಹಿಡಿದು, ನೀರಿನ ಟ್ಯಾಂಕ್ ಹತ್ತಿ, ಅಲ್ಲಿಂದ ಪಕ್ಕದ ಮನೆಯ ಡಿಶ್ಶಿಗೆ ದಾಟಿತು. ಅವರ ಸಂಜೆ ಧಾರಾವಾಹಿ ನಿಂತಾಗಲೇ ನಮಗೆ ಗೊತ್ತಾಗಿದ್ದು.

ಇದಕ್ಕೆಲ್ಲ ಕಾರಣ ಕಡಲೆ ಹಿಂಡಿ. ನಾಲ್ಕು ದಿನ ನೆನೆಸಿಟ್ಟು, ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಹಾಕಬೇಕು. ಗಿಡಕ್ಕೆ ಅಮೃತ. ವಾಸನೆ ವಿಷಯ ಬೇಡ ಬಿಡಿ. ನಮ್ಮ ಬೋಂಡನಿಗೂ ಅದು ಅಮೃತವೇ. ಬೋಂಡ ಬೀದಿಯಲ್ಲಿ ಹುಟ್ಟಿ ನಮ್ಮ ಸೋಫಾ ಮೇಲೆ ಬೆಳೆದ ನಾಯಿ. ಒಂದು ಬೆಳಗ್ಗೆ ಹಿಂಡಿ ಬಕೆಟ್ಟಿಗೆ ಕತ್ತಿನ ತನಕ ಮುಖ ಹಾಕಿದ. ತೃಪ್ತಿಯಾದ ಮೇಲೆ ಎದ್ದು ಬಂದು, ಒಣಗಲು ಹಾಕಿದ್ದ ಎರಡು ಬೆಡ್‌ಶೀಟು ಮತ್ತು ನನ್ನ ಇಳಕಲ್ ಸೀರೆಯ ನಡುವೆ ನಿಂತು ಚೆನ್ನಾಗಿ ಮೈ ಕೊಡವಿದ. ಆಮೇಲೆ ಮೂರು ದಿನ ಹಾಲಿನ ಹುಡುಗ ಗೇಟಿನಾಚೆಯೇ ಪ್ಯಾಕೆಟ್ ಇಟ್ಟು ಓಡಿಹೋದ.

ಯಜಮಾನರು ನನಗಿಂತ ಮೂರು ವರ್ಷ ಮುಂಚೆ ಲೆಕ್ಕಪತ್ರ ವಿಭಾಗದಿಂದ ರಿಟೈರ್ ಆದವರು. ಅಕ್ಟೋಬರಿನಲ್ಲಿ ಕಾಯಿ ಶುರುವಾದ ಕೂಡಲೇ ಉದ್ದನೆಯ ರಿಜಿಸ್ಟರ್ ತಂದರು. ಪ್ರತಿ ಕಾಯನ್ನೂ ತೂಗಿ, ಅದರ ಮೈಮೇಲೆ ಸ್ಕೆಚ್ ಪೆನ್ನಿನಲ್ಲಿ ನಂಬರ್ ಬರೆದು, 'ಯಾರಿಗೆ ಸಂದಾಯ' ಅಂತ ಒಂದು ಕಾಲಂ ಎಳೆದರು.

'ಸುಮ್ನೆ ಕೊಟ್ರೆ ಆಗಲ್ವಾ?'

'ಆಡಿಟ್ ಬಂದ್ರೆ?' ಅಂದರು. ನಗಲೂ ಇಲ್ಲ.

ಪಲ್ಯ, ಕೂಟು, ಮಜ್ಜಿಗೆಹುಳಿ, ಸಿಪ್ಪೆ ಚಟ್ನಿ ಎಲ್ಲ ಆಯಿತು. ದೋಸೆ ಹಿಟ್ಟಿಗೂ ರುಬ್ಬಿ ಹಾಕಿದೆ. 'ಇವತ್ತು ಎಷ್ಟನೇ ನಂಬರ್ ತಿಂತಿದೀವಿ?' ಅಂತ ಯಜಮಾನರು ಮೊದಲ ತುತ್ತಿಗೇ ಕೇಳಿದರು. ಉಳಿದದ್ದನ್ನು ಬೆಳಗಿನ ವಾಕಿಂಗಿಗೆ ಲಾಲ್‌ಬಾಗಿಗೆ ಹೊತ್ತುಕೊಂಡು ಹೋದೆ. ಮೊದಲ ವಾರ ಗೆಳತಿಯರು 'ಅಯ್ಯೋ, ಮನೇಲೇ ಬೆಳೆದದ್ದಾ!' ಅಂತ ಎರಡೂ ಕೈಯಲ್ಲಿ ಈಸಿಕೊಂಡರು. ಎರಡನೇ ವಾರ 'ಫ್ರಿಜ್ಜಲ್ಲಿ ಇನ್ನೂ ಇದೆ ಕಣ್ರೀ' ಅಂದರು. ಮೂರನೇ ವಾರ ನಾನು ಬಂಡೆಯ ಬುಡಕ್ಕೆ ಬರುವಷ್ಟರಲ್ಲಿ, ಮಂಡಿ ನೋವು ಅಂತ ವರ್ಷದಿಂದ ಮೇಲೆ ಹತ್ತದಿದ್ದ ಗೆಳತಿ ಸರಸರನೆ ಹತ್ತಿ ಕೆಂಪೇಗೌಡ ಗೋಪುರದ ಹಿಂದೆ ಮರೆಯಾದಳು. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ತರಕಾರಿಗೆ ಹೆದರಿ ಓಡಿದವರನ್ನು ಅದೂ ಅವತ್ತೇ ನೋಡಿರಬೇಕು.

ಅಷ್ಟರಲ್ಲಿ ನವೆಂಬರ್ ಬಂತು. ಪಿಂಚಣಿದಾರರಿಗೆ ಇದು ತಾವು ಬದುಕಿದ್ದೀವಿ ಅಂತ ತೋರಿಸುವ ತಿಂಗಳು. 2014ರಿಂದ ಜೀವನ ಪ್ರಮಾಣ ಅಂತ ಡಿಜಿಟಲ್ ಸರ್ಟಿಫಿಕೇಟು ಇದೆ. ಆಧಾರ್ ನಂಬರ್ ಹೇಳಿ ಮೆಷಿನ್ ಮೇಲೆ ಬೆರಳಿಟ್ಟರೆ ಬದುಕಿದ ಹಾಗೆ. ಬ್ಯಾಂಕಿಗೆ ಹೊರಡುವ ಮುಂಚೆ, ಮಧ್ಯಾಹ್ನದ ಕೂಟಿಗೆ ಇರಲಿ ಅಂತ ಐದು ಸೀಮೆಬದನೆಯ ಸಿಪ್ಪೆ ಹೆರೆದಿಟ್ಟೆ. ಕೈಗೆ ಎಣ್ಣೆ ಸವರಿಕೊಂಡು, ಇಲ್ಲಾ ಕಾಯಿಯನ್ನು ನೀರಲ್ಲಿ ಮುಳುಗಿಸಿ ಹೆರೆಯಬೇಕು ಅಂತ ಅಮ್ಮ ಹೇಳುತ್ತಿದ್ದರು. ಅವಸರದಲ್ಲಿ ಅಮ್ಮನ ಮಾತು ಯಾರಿಗೆ ನೆನಪಾಗುತ್ತೆ? ಆಟೋದಲ್ಲಿ ಕೂರುವ ಹೊತ್ತಿಗೆ ಅದರ ಅಂಟು ಒಣಗಿ, ಬೆರಳಿಗೆಲ್ಲ ಗೋಂದು ಬಳಿದ ಹಾಗೆ ಪೊರೆ ಕಟ್ಟಿತ್ತು.

'ಹೆಬ್ಬೆರಳು ಇಡಿ ಅಮ್ಮ' ಅಂದಳು ಕೌಂಟರಿನ ಹುಡುಗಿ. ಇಟ್ಟೆ. ಬರಲಿಲ್ಲ. ತೋರುಬೆರಳು ಇಟ್ಟೆ. ಬರಲಿಲ್ಲ. ಹತ್ತೂ ಬೆರಳಿನ ಪೆರೇಡ್ ಮುಗಿಯಿತು. ಹಿಂದೆ ಸಾಲಿನಲ್ಲಿದ್ದ ಎಂಬತ್ತು ದಾಟಿದ ಅಜ್ಜ ಕೋಲೂರಿಕೊಂಡು ಮುಂದೆ ಬಂದು, ಒಂದೇ ಸಲಕ್ಕೆ ಬದುಕಿಬಿಟ್ಟರು. ಹೋಗುವಾಗ ನನ್ನ ಕಡೆ ಕನಿಕರದಿಂದ ನೋಡಿ 'ಗಾಬರಿ ಆಗ್ಬೇಡಮ್ಮ' ಅಂದರು.

'ಕೈಯಲ್ಲಿ ಏನು ಕೆಲಸ ಮಾಡಿದ್ರಿ ಅಮ್ಮ?'

'ಸೀಮೆಬದನೆ.'

ಹುಡುಗಿ ನಗು ತಡೆದುಕೊಂಡು ತನ್ನ ಚೀಲದಿಂದ ಕೈಗೆ ಹಚ್ಚುವ ಕ್ರೀಮ್ ತೆಗೆದು ಕೊಟ್ಟಳು. ಮೂಲೆಯ ಬೆಂಚಿನಲ್ಲಿ ಕೂತು ಬೆರಳು ಉಜ್ಜಿ ಉಜ್ಜಿ, ಹಾವು ಪೊರೆ ಬಿಟ್ಟ ಹಾಗೆ ಸುಲಿದುಕೊಂಡೆ. ಮುಕ್ಕಾಲು ಗಂಟೆ ಆದ ಮೇಲೆ ಮೆಷಿನ್ ನನ್ನನ್ನು ಒಪ್ಪಿಕೊಂಡಿತು. ಆ ಖುಷಿಗೆ 'ನಾಳೆ ನಿನಗೆ ನಾಲ್ಕು ಕಾಯಿ ತಂದ್ಕೊಡ್ತೀನಮ್ಮ' ಅಂದೆ. 'ಬೇಡ ಅಮ್ಮ' ಅನ್ನುವಷ್ಟರಲ್ಲಿ ಅವಳು ಮುಂದಿನವರನ್ನು ಕರೆದಾಗಿತ್ತು.

ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ರಾಜಾಜಿನಗರದ ನಾದಿನಿ ಪರಿಷೆ ಸುತ್ತಿಕೊಂಡು ಸಂಜೆ ಮನೆಗೆ ಬಂದಳು. ಕೈಯಲ್ಲಿ ಭಾರದ ಬಟ್ಟೆ ಚೀಲ. ಬೋಂಡ ಮೂಸಿ ನೋಡಿ ಬಾಲ ಆಡಿಸಿದ.

'ಅತ್ತಿಗೆ, ಮೇಲೆ ಎರಡು ಸೇರು ಕಡಲೆಕಾಯಿ ಇದೆ. ಕೆಳಗಡೆದು ನಮ್ಮ ಮೇಲ್ಗಡೆ ಮನೆಯವರು ಕೊಟ್ಟಿದ್ದು. ಅವರಿಗೆ ಲಾಲ್‌ಬಾಗಲ್ಲಿ ಯಾರೋ ಕೊಟ್ರಂತೆ. ನಮ್ಮನೇಲಿ ಯಾರೂ ತಿನ್ನಲ್ಲ, ನಿಮಗಾದ್ರೂ ಆಗುತ್ತೆ ಅಂತ ತಂದೆ.'

ಕಡಲೆಕಾಯಿ ಸರಿಸಿ ನೋಡಿದೆ. ಸ್ವಲ್ಪ ಸುಕ್ಕು ಬಿದ್ದಿತ್ತು. ತುದಿಯಲ್ಲಿ ನಾಲಿಗೆ ಚಾಚಿತ್ತು. ಹೊಟ್ಟೆಯ ಮೇಲೆ ನೀಲಿ ಸ್ಕೆಚ್ ಪೆನ್ನಿನಲ್ಲಿ 31.

ಯಜಮಾನರು ಕನ್ನಡಕ ಏರಿಸಿಕೊಂಡು ರಿಜಿಸ್ಟರ್ ತೆಗೆದರು. ಕಾಲಂ ಉದ್ದಕ್ಕೂ ಬೆರಳು ಓಡಿಸಿ ನಿಲ್ಲಿಸಿದರು.

'ಇದು ಖರ್ಚು ಬಿದ್ದು ಮೂರು ವಾರ ಆಯ್ತಲ್ಲೇ. ಈಗ ಜಮಾ ಹೇಗೆ ತಗೊಳ್ಳೋದು?'