ಕಾಫಿ ಸಂಸ್ಕೃತಿ ಮುಗಿಸಿ ಬಂದವರು

ನನ್ನ ಪರಿಚಯದವರೊಬ್ಬರಿದ್ದಾರೆ. ಹೆಸರು ಬೇಡ ಬಿಡಿ. ಅವರು ಮೊನ್ನೆ 19 ದಿನದಲ್ಲಿ 9 ದೇಶಗಳ ಕಾಫಿ ಸಂಸ್ಕೃತಿ ಮುಗಿಸಿಕೊಂಡು ಬಂದರು. 'ಮುಗಿಸಿಕೊಂಡು' ಅನ್ನುವುದು ಅವರದೇ ಮಾತು. ಇಟಲಿ ಮುಗೀತು, ಟರ್ಕಿ ಮುಗೀತು, ಆಸ್ಟ್ರಿಯಾ ಕ್ಯೂನಲ್ಲೇ ಮುಗೀತು, ಇಥಿಯೋಪಿಯಾ ಮಾತ್ರ ಸ್ವಲ್ಪ ಉಳ್ಕೊಂಡಿತು. ಪರೀಕ್ಷೆಯ ಹಿಂದಿನ ರಾತ್ರಿ ಹುಡುಗರು ಪಾಠ ಮುಗಿಸುತ್ತಾರಲ್ಲ, ಹಾಗೆ.

ದೇಶ ಸುತ್ತು, ಕೋಶ ಓದು ಅಂತ ಹಿರಿಯರು ಹೇಳಿದ್ದು ನಿಜ. ದೇಶ ಸುತ್ತಿ ಕಪ್ಪಿನ ಫೋಟೋ ತೆಗಿ ಅಂತ ಅವರು ಹೇಳಿದ ಹಾಗಿಲ್ಲ. ಆದರೆ ಈಗ ಇದೇ ದೊಡ್ಡ ವ್ಯಾಪಾರ. ಮೊದಲೆಲ್ಲ ಜನ ಕೋಟೆ, ಅರಮನೆ ನೋಡಲು ಹೋಗಿ ಕಾಲು ನೋವು ಬಂದಾಗ ಕಾಫಿ ಕುಡಿಯುತ್ತಿದ್ದರು. ಈಗ ಕಾಫಿ ಕುಡಿಯಲು ಹೋಗಿ, ಟೈಮ್ ಮಿಕ್ಕರೆ ಅರಮನೆ ನೋಡುತ್ತಾರೆ. ಮಿಕ್ಕುವುದಿಲ್ಲ.

ಹೊರಡುವಾಗ ಅವರ ಪೆಟ್ಟಿಗೆಯಲ್ಲಿ ಏನೇನಿತ್ತು ಅಂತ ಕೇಳಿ. ಕೈಯಲ್ಲಿ ತಿರುಗಿಸುವ ಗ್ರೈಂಡರ್. ಕೊಕ್ಕರೆ ಕತ್ತಿನ ಕೆಟಲ್. ಥರ್ಮಾಮೀಟರ್. ಒಂದು ಗ್ರಾಮಿನ ಹತ್ತರಲ್ಲೊಂದು ಭಾಗವನ್ನೂ ಬಿಡದೆ ತೂಗುವ ಪುಟ್ಟ ತಕ್ಕಡಿ. ಚಿಕ್ಕ ಚಿಕ್ಕ ಪ್ಯಾಕೆಟ್ಟಿನಲ್ಲಿ ಪುಡಿ. "ಕಾಫಿ ಹುಟ್ಟಿದ ದೇಶಕ್ಕೇ ಹೋಗ್ತಿದ್ದೀರಲ್ಲ, ಇದೆಲ್ಲ ಯಾಕೆ?" ಎಂದೆ. "ಹೋಟೆಲ್ ರೂಮಿನ ಕಾಫಿ ನಂಬೋದು ಹೇಗ್ರೀ?" ಎಂದರು. ತಕ್ಕಡಿ ಮತ್ತು ಪುಡಿ ಪ್ಯಾಕೆಟ್ಟುಗಳನ್ನು ಒಟ್ಟಿಗೆ ಕಂಡ ವಿಮಾನ ನಿಲ್ದಾಣದ ಭದ್ರತಾ ಸಿಬ್ಬಂದಿ ಅವರನ್ನು ಪಕ್ಕದ ಕೋಣೆಗೆ ಕರೆದೊಯ್ದರಂತೆ. ಒಂದೂವರೆ ಗಂಟೆ ಕೂರಿಸಿದರಂತೆ. ಇಡೀ ಪ್ರವಾಸದಲ್ಲಿ ಅವರು ಒಂದೇ ಕಡೆ ಅಷ್ಟು ಹೊತ್ತು ಕೂತಿದ್ದು ಅಲ್ಲೊಂದೇ.

ಮೊದಲು ಇಟಲಿ. ಅಲ್ಲಿ ಕಾಫಿ ಅಂಗಡಿಗೆ ಬಾರ್ ಅನ್ನುತ್ತಾರೆ. ಜನ ಒಳಗೆ ಬರುತ್ತಾರೆ, ಕಟ್ಟೆಗೆ ಒರಗಿ ನಿಂತು ಎರಡು ಮೂರು ಗುಟುಕಿಗೆ ಎಸ್ಪ್ರೆಸೊ ಅನ್ನುವ ಗಟ್ಟಿ ಕಾಫಿ ಮುಗಿಸುತ್ತಾರೆ, ಹೊರಡುತ್ತಾರೆ. ಕೂತರೆ ಎಷ್ಟೋ ಕಡೆ ರೇಟು ಜಾಸ್ತಿ. 1884ರಲ್ಲಿ ಟ್ಯೂರಿನ್‌ನ ಆಂಜೆಲೊ ಮೊರಿಯೊಂಡೊ ಹಬೆಯ ಕಾಫಿ ಯಂತ್ರಕ್ಕೆ ಪೇಟೆಂಟ್ ಪಡೆದ. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಒಂದೊಂದೇ ಕಪ್ಪನ್ನು ಬೇಗ ಇಳಿಸುವ ಯಂತ್ರ ತಂದ. ಗಿರಾಕಿ ಕಾಯಬಾರದು ಅನ್ನುವುದೇ ಇದರ ಹಿಂದಿನ ಲೆಕ್ಕ. ಹಾಗೆ ಯಾರೂ ಕಾಯದಿರಲಿ ಎಂದು ಕಂಡುಹಿಡಿದ ಕಾಫಿಗಾಗಿ ನಮ್ಮವರು ಎರಡು ವಿಮಾನ ಬದಲಿಸಿ 14 ಗಂಟೆ ಕಾದರು. ಕಪ್ಪು ಬಂದ ಮೇಲೆ ಬೆಳಕು ಸರಿಯಾಗಿ ಬೀಳಲಿ ಅಂತ ಇನ್ನೂ 10 ನಿಮಿಷ. ಆಮೇಲೆ ಕುಡಿದು "ಸ್ವಲ್ಪ ತಣ್ಣಗಿತ್ತು" ಎಂದರು.

ಬೆಳಿಗ್ಗೆ 11ರ ನಂತರ ಅಲ್ಲಿನವರು ಹಾಲಿನ ನೊರೆಯ ಕಾಪುಚಿನೊ ಕುಡಿಯುವುದಿಲ್ಲ ಅನ್ನುವ ಮಾತಿದೆಯಲ್ಲ, ಅದನ್ನು ಇವರು ಕಾನೂನಿನ ಹಾಗೆ ಬಾಯಿಪಾಠ ಮಾಡಿದ್ದರು. ಮಧ್ಯಾಹ್ನ ಮೂರಕ್ಕೆ ಪಕ್ಕದ ಟೇಬಲ್ಲಿನವನೊಬ್ಬ ಕಾಪುಚಿನೊ ತರಿಸಿಕೊಂಡ. ಅಂಗಡಿಯವನು ಸುಮ್ಮನಿದ್ದ. ಇವರಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಅವನಿಗೆ ಇಟಲಿಯ ಸಂಸ್ಕೃತಿ ತಿಳಿಸಿಕೊಟ್ಟರು. ಅವನು ಮಿಲಾನಿನವನೇ ಆಗಿದ್ದ.

ನೇಪಲ್ಸ್‌ನಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಕಫೆ ಸೊಸ್ಪೆಸೊ ಅಂತ. ಒಂದು ಕಾಫಿ ಕುಡಿದು ಎರಡಕ್ಕೆ ದುಡ್ಡು ಕೊಟ್ಟು ಹೋಗುವುದು. ಆಮೇಲೆ ಕೈಯಲ್ಲಿ ಕಾಸಿಲ್ಲದವರು ಯಾರಾದರೂ ಬಂದು ಕೇಳಿದರೆ ಆ ಎರಡನೆಯದು ಅವರಿಗೆ. ಕೊಟ್ಟವರು ಯಾರು ಅಂತ ಕುಡಿದವರಿಗೆ ಗೊತ್ತಾಗುವುದಿಲ್ಲ, ಅದೇ ಅದರ ಸೊಗಸು. ನಮ್ಮವರೂ ಕೊಟ್ಟರು. ಕೊಡುವುದರ ವೀಡಿಯೊ 2 ನಿಮಿಷ 10 ಸೆಕೆಂಡಿದೆ. ನೋಡಿದ್ದೇನೆ. ಹಿನ್ನೆಲೆಯಲ್ಲಿ ಪಿಟೀಲು ಬೇರೆ.

ಟರ್ಕಿಯಿಂದ ಮುಂದೆ ಕಥೆಗೆ ರಂಗು ಬರುತ್ತದೆ. ಇಸ್ತಾಂಬುಲ್‌ನಲ್ಲಿ ಹಿಡಿಕೆ ಇರುವ ಪುಟ್ಟ ಪಾತ್ರೆಯಲ್ಲಿ ನುಣ್ಣನೆ ಪುಡಿ, ನೀರು ಹಾಕಿ ನೊರೆ ಉಕ್ಕಿಸಿ ಕೊಟ್ಟರು. ಗಸಿ ತಳದಲ್ಲಿ ನಿಂತಿತು. ಇದು ಟರ್ಕಿಶ್ ಕಾಫಿ. 2013ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ಖಾಲಿ ಕಪ್ಪು ಬೋರಲು ಹಾಕಿ ಗಸಿಯಲ್ಲಿ ಭವಿಷ್ಯ ನೋಡುತ್ತಾರೆ. "ನಿಮಗೆ ದೂರ ಪ್ರಯಾಣದ ಯೋಗ ಇದೆ" ಅಂದರಂತೆ. ಕುತ್ತಿಗೆಗೆ ಕ್ಯಾಮೆರಾ, ಬೆನ್ನಿಗೆ ಎರಡು ಚೀಲ ಹೊತ್ತವರಿಗೆ ಅದನ್ನು ಹೇಳಲು ಗಸಿಯೇ ಬೇಕಿತ್ತಾ? ನಮ್ಮವರು ಮಾತ್ರ ಬೆರಗಾಗಿ ಬಂದಿದ್ದಾರೆ.

ಅಲ್ಲಿಂದ ಅಥೆನ್ಸ್. ಅದೇ ಥರದ ಪಾತ್ರೆ, ಅದೇ ನೊರೆ, ತಳದಲ್ಲಿ ಅದೇ ಗಸಿ. "ಓ, ಟರ್ಕಿಶ್ ಕಾಫಿ!" ಅಂದರು. ಅಂಗಡಿಯವನ ಮುಖ ಗಂಟಾಯಿತು. ಇದು ಗ್ರೀಕ್ ಕಾಫಿ. 1974ರಲ್ಲಿ ಟರ್ಕಿಯ ಸೇನೆ ಗ್ರೀಕರೇ ಹೆಚ್ಚಿರುವ ಸೈಪ್ರಸ್ ದ್ವೀಪಕ್ಕೆ ನುಗ್ಗಿದ ಮೇಲಂತೂ ಅಲ್ಲಿ ಹಳೇ ಹೆಸರು ಎತ್ತುವುದು ತಪ್ಪು. ಸರಿ, ಪಾಠ ಕಲಿತರು. ಸರಯೆವೊಗೆ ಹೋಗಿ ಅದೇ ಕಂದು ನೊರೆ ನೋಡಿ, ಜಾಣತನದಿಂದ "ಗ್ರೀಕ್ ಕಾಫಿ" ಅಂದರು. ಅಲ್ಲೂ ಮುಖ ಗಂಟು. ಅದು ಬೋಸ್ನಿಯದ ಕಾಫಿ. ನೀರು ಮೊದಲು ಕುದಿಸಿ ಆಮೇಲೆ ಪುಡಿಗೆ ಸುರಿಯುತ್ತೇವೆ, ಪುಡಿ ಹಾಕಿ ಕುದಿಸುವುದಿಲ್ಲ, ಇಷ್ಟೂ ಗೊತ್ತಾಗಲ್ವಾ ಅಂತ ಅಂಗಡಿಯವನು ತಾಮ್ರದ ತಟ್ಟೆ ಮುಂದಿಟ್ಟು ಅರ್ಧ ಗಂಟೆ ವಿವರಿಸಿದ. ಅರ್ಮೇನಿಯಾಗೆ ಹೋಗಿದ್ದರೆ ಅದು ಅರ್ಮೇನಿಯನ್ ಕಾಫಿ ಆಗುತ್ತಿತ್ತು. ಪಾಸ್‌ಪೋರ್ಟ್‌ಗೆ ಮುದ್ರೆ ಬಿದ್ದ ಹಾಗೆಲ್ಲ ಕಾಫಿಗೆ ಹೊಸ ಹೆಸರು. ನಮ್ಮವರ ಪಟ್ಟಿಯಲ್ಲಿ ಇವು ಮೂರು ಬೇರೆ ಬೇರೆ ಸಂಸ್ಕೃತಿ. ನಾನು ಮೂರೂ ಫೋಟೋ ಪಕ್ಕಪಕ್ಕ ಇಟ್ಟು ಯಾವುದು ಯಾವ ದೇಶದ್ದು ಅಂತ ಕೇಳಿದೆ. ಮೇಜುಬಟ್ಟೆ ನೋಡಿ ಹೇಳಿದರು.

ವಿಯೆನ್ನಾ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಒಂದು ಕಾಫಿ ತರಿಸಿಕೊಂಡು, ಜೊತೆಗೆ ಕೊಟ್ಟ ಲೋಟ ನೀರು ಕುಡಿಯುತ್ತಾ, ಕೋಲಿಗೆ ಸಿಕ್ಕಿಸಿದ ಪೇಪರ್ ಓದುತ್ತಾ ಅರ್ಧ ದಿನ ಕೂತರೂ ಯಾರೂ ಏಳಿ ಅನ್ನುವುದಿಲ್ಲ. ಅದೇ ಅಲ್ಲಿನ ಹೆಗ್ಗಳಿಕೆ. ಅದನ್ನು ನೋಡಲು ಬಂದವರ ಸಾಲು ಹೊರಗೆ ಬೀದಿಯ ತಿರುವು ದಾಟಿತ್ತು. ನಮ್ಮವರು 50 ನಿಮಿಷ ನಿಂತು, ಒಳಗೆ ಹೋಗಿ, 11 ನಿಮಿಷದಲ್ಲಿ ನಿಧಾನದ ಅನುಭವ ಪಡೆದು ರೈಲಿಗೆ ಓಡಿದರು.

ಸ್ವೀಡನ್‌ನಲ್ಲಿ ಕಾಫಿ ಬಿಡುವಿಗೆ ಫಿಕಾ ಅನ್ನುತ್ತಾರೆ. ಹಳೆಯ 'ಕಫ್ಫಿ' ಪದವನ್ನು ತಿರುಗಾಮುರುಗಾ ಮಾಡಿದ್ದು. ನಮ್ಮ 'ಕಾಫಿ'ಯನ್ನು ಬಲಗಡೆಯಿಂದ ಓದಿದರೂ ಅದೇ ಬರುತ್ತದೆ, ನೋಡಿ. ಕೆಲಸ ಬಿಟ್ಟು ಒಂದಿಷ್ಟು ಹೊತ್ತು ಜೊತೆಯವರೊಂದಿಗೆ ಕೂತು ಹರಟುವುದಕ್ಕೆ ಆ ಹೆಸರು. ನಮ್ಮವರು ಒಬ್ಬರೇ ಹೋಗಿದ್ದರು. ಆದ್ದರಿಂದ ಫೋನಿನೊಂದಿಗೆ ಫಿಕಾ ಮಾಡಿದರು. ಪಕ್ಕದ ಫಿನ್ಲೆಂಡಿಗೆ ಹೋಗಲಿಲ್ಲವೇ ಎಂದೆ. ಜಗತ್ತಿನಲ್ಲಿ ತಲೆಗೆ ಅತಿ ಹೆಚ್ಚು ಕಾಫಿ ಕುಡಿಯುವ ಜನ ಅವರು. ವರ್ಷಕ್ಕೆ ಒಬ್ಬೊಬ್ಬರದು 10 ಕಿಲೊ ದಾಟುತ್ತದೆ. ನಮ್ಮವರು ಮೂಗು ಮುರಿದರು. "ಅಲ್ಲಿ ಸಂಸ್ಕೃತಿ ಇಲ್ಲ ರೀ. ಸುಮ್ನೆ ಕುಡೀತಾರೆ."

ಕೊಲ್ಲಿಯ ಕಡೆ ಒಂದು ಮನೆಗೆ ಅತಿಥಿಯಾಗಿ ಹೋಗಿದ್ದರು. ಏಲಕ್ಕಿ ಹಾಕಿದ ತಿಳಿ ಬಣ್ಣದ ಅರಬ್ ಕಾಫಿ. ಕೊಕ್ಕಿನ ಹೂಜಿಯಿಂದ ಹಿಡಿ ಇಲ್ಲದ ಪುಟ್ಟ ಬಟ್ಟಲಿಗೆ ತಳ ಮುಚ್ಚುವಷ್ಟೇ ಬಗ್ಗಿಸುತ್ತಾರೆ. ಖಾಲಿಯಾದರೆ ಮತ್ತೆ ಬಗ್ಗಿಸುತ್ತಾರೆ. ಸಾಕು ಅನ್ನಿಸಿದರೆ ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಬೇಕು, ಬಾಯಲ್ಲಿ ಹೇಳಬೇಕಾಗಿಯೇ ಇಲ್ಲ. ಕಾಪುಚಿನೊದ ಗಂಟೆ ಬಾಯಿಪಾಠ ಮಾಡಿದ್ದ ನಮ್ಮವರಿಗೆ ಇದೊಂದು ಗೊತ್ತಿರಲಿಲ್ಲ. ಬೇಡ ಅಂದರೆ ಅವಮಾನ ಅಂತ ಕುಡಿಯುತ್ತಲೇ ಹೋದರು. ಅವರು ಬಗ್ಗಿಸುತ್ತಲೇ ಹೋದರು. ಹದಿನಾಲ್ಕನೆಯದಕ್ಕೆ ಕೈ ನಡುಗಿ ಬಟ್ಟಲು ತಾನಾಗಿ ಅಲ್ಲಾಡಿತು. ಹಾಗೆ ಬಿಡುಗಡೆ.

ಇನ್ನು ಇಥಿಯೋಪಿಯಾ. ಇದನ್ನು ಹೇಳುವಾಗ ನನಗೆ ನಗು ಬರುವುದಿಲ್ಲ, ಸ್ವಲ್ಪ ಹೊಟ್ಟೆ ಉರಿಯುತ್ತದೆ. ಒಂದು ಮನೆಯಲ್ಲಿ ನೆಲಕ್ಕೆ ಹಸಿರು ಹುಲ್ಲು ಹಾಸಿ, ಆ ಮನೆಯ ಹೆಣ್ಣುಮಗಳು ಕೂತು ಹಸಿ ಬೀಜ ತೊಳೆದು, ಬಾಣಲೆಯಲ್ಲಿ ಹುರಿದು, ಹೊಗೆ ಆಡುವಾಗ ಎಲ್ಲರ ಮುಖದ ಹತ್ತಿರ ತಂದು ಘಮ ತೋರಿಸಿದಳು. ಒರಳಲ್ಲಿ ಕುಟ್ಟಿದಳು. ಜೆಬೆನಾ ಅನ್ನುವ ಕಪ್ಪು ಮಣ್ಣಿನ ಹೂಜಿಯಲ್ಲಿ ಕುದಿಸಿದಳು. ಪಕ್ಕದಲ್ಲಿ ಧೂಪ, ತಿನ್ನಲು ಅರಳು. ಅಲ್ಲಿ ಮೂರು ಸುತ್ತು ಕೊಡುತ್ತಾರೆ. ಮೊದಲನೆಯದು ಅಬೋಲ್, ಗಟ್ಟಿ. ಅದೇ ಪುಡಿಗೆ ಮತ್ತೆ ನೀರು ಹಾಕಿದ್ದು ತೋನಾ. ಮೂರನೆಯದು ಬರಕಾ, ತೀರ ತಿಳಿ. ಬರಕಾ ಅಂದರೆ ಆಶೀರ್ವಾದ. ಅಲ್ಲಿಯವರೆಗೆ ಕೂತರೆ ಒಳ್ಳೆಯದಾಗುತ್ತದೆ ಅಂತ ನಂಬಿಕೆ. ಆ ಹೊತ್ತಿಗೆ ನೆರೆಹೊರೆಯವರೂ ಬಂದು ಸೇರಿರುತ್ತಾರೆ. ಕಾಫಿ ತೆಳ್ಳಗಾದ ಹಾಗೆ ಮಾತು ಗಟ್ಟಿಯಾಗುತ್ತದೆ.

ನಮ್ಮವರು ಅಬೋಲ್ ಮುಗಿಸಿ ಎದ್ದರು. ವಿಮಾನಕ್ಕೆ ಹೊತ್ತಾಗಿತ್ತು. "ಮೊದಲನೇದರಲ್ಲೇ ರುಚಿ ಎಲ್ಲ ಇರತ್ತೆ, ಆಮೇಲಿನದು ಬರೀ ನೀರು" ಎಂದು ನನಗೆ ಸಮಾಧಾನ ಹೇಳಿದರು. ನಾನೇನೂ ಕೇಳಿರಲಿಲ್ಲ.

ಆ ವಿಮಾನ ಹಿಡಿದು ಹೋಗಿದ್ದು ಬಾಲಿಗೆ. ಯಾಕೆ? ಪುನುಗು ಬೆಕ್ಕಿನ ಹಿಕ್ಕೆಯ ಕಾಫಿ ಕುಡಿಯಲು. ಕೋಪಿ ಲುವಾಕ್. ಡಚ್ಚರ ಕಾಲದಲ್ಲಿ ತೋಟದ ಕೂಲಿಗಳು ಬೆಳೆ ಮುಟ್ಟುವ ಹಾಗಿರಲಿಲ್ಲವಂತೆ. ಕಾಡುಬೆಕ್ಕು ತಿಂದು ಹಾಕಿದ ಬೀಜ ಆರಿಸಿ, ತೊಳೆದು, ಹುರಿದು ಕುಡಿದರು ಅನ್ನುವುದು ಅಲ್ಲಿ ಹೇಳುವ ಕಥೆ. ಕಾಫಿ ಸಿಗದವರ ಪಾಡು ಈಗ ಕಾಫಿ ಹೆಚ್ಚಾದವರ ಶೋಕಿ. ರಾತ್ರಿ ತೋಟದಲ್ಲಿ ಓಡಾಡಿ ಚೆನ್ನಾಗಿ ಮಾಗಿದ ಹಣ್ಣನ್ನೇ ಬೆಕ್ಕು ಆರಿಸಿ ತಿನ್ನುತ್ತದೆ, ಅದಕ್ಕೇ ಆ ಬೆಲೆ ಅಂತ ಮಾರುತ್ತಾರೆ. ಆದರೆ ಎಷ್ಟೋ ಕಡೆ ಬೆಕ್ಕು ತಂತಿಯ ಬೋನಿನಲ್ಲಿದೆ. ಕೊಟ್ಟ ಹಣ್ಣು ತಿನ್ನಬೇಕು, ಅಷ್ಟೇ. ಅದಕ್ಕೆ ಆರಿಸುವ ಭಾಗ್ಯವೇ ಇಲ್ಲ. ಆರಿಸಿಕೊಂಡು ಬಂದವರು ಬೋನಿನ ಹೊರಗೆ ಕ್ಯೂ ನಿಂತಿದ್ದಾರೆ. ಹೇಗಿತ್ತು ಎಂದೆ. "ಮಣ್ಣಿನ ಘಮ" ಎಂದರು. ಒಳ್ಳೆಯ ಮನಸ್ಸಿನವರು.

ಇಷ್ಟನ್ನೂ ನನಗೆ ಹೇಳಿದ್ದು ಅವರ ಮನೆಯಲ್ಲಿ. "ಬನ್ನಿ, ಒಂದು ಕಾಫಿ ಕುಡಿಯೋಣ" ಎಂದು ಕರೆದಿದ್ದರು. ಆ ಮಾತಿಗೆ ಹಿಂದೆ ಒಂದು ಅರ್ಥವಿತ್ತು. ಈಗ ಅದಕ್ಕೆ ಬೀಜ ತೂಗಿದರು. ನೀರು 93 ಡಿಗ್ರಿಗೆ ಬಂದಿದೆಯಾ ನೋಡಿದರು. 96 ಆಗಿತ್ತು. ಇಳಿಯಲಿ ಅಂತ ಕಾದರು. ಕೊಕ್ಕರೆ ಕೆಟಲ್‌ನಿಂದ ಸುತ್ತಿ ಸುತ್ತಿ ಸುರಿಯುವಾಗ ಮಾತಾಡಬೇಡಿ ಎಂದು ಸನ್ನೆ ಮಾಡಿದರು. ನಾನು ಉಸಿರೂ ಹಿಡಿದೆ.

ಆಮೇಲೆ ಗೋಡೆಯ ಮೇಲಿನ ರುಚಿಚಕ್ರ ತೋರಿಸಿದರು. ಬಣ್ಣಬಣ್ಣದ ವೃತ್ತ. 1995ರಲ್ಲಿ ಬಂದದ್ದು, 2016ರಲ್ಲಿ ತಿದ್ದಿದ್ದು. ಮಲ್ಲಿಗೆ, ಬ್ಲೂಬೆರಿ, ಜೇನು ಎಲ್ಲ ಇವೆ. ಇನ್ನೊಂದು ಮಗ್ಗುಲಲ್ಲಿ ರಬ್ಬರು, ರಟ್ಟು, ಪೆಟ್ರೋಲಿಯಂ ಕೂಡ. ಕಾಫಿಯಲ್ಲಿ ಕಾಫಿ ಬಿಟ್ಟು ಇನ್ನೇನು ಸಿಗುತ್ತದೆ ಅಂತ ಹುಡುಕುವುದೇ ವಿದ್ಯೆ. ಪನಾಮದ ಗೇಷಾ ಅನ್ನುವ ತಳಿ ಇದೆ. 2019ರ ಹರಾಜಿನಲ್ಲಿ ಒಂದು ಪೌಂಡಿಗೆ 1,029 ಡಾಲರ್ ಮುಟ್ಟಿತು. ಅದರ ಹೆಚ್ಚುಗಾರಿಕೆ ಏನು ಗೊತ್ತಾ? ಒಳ್ಳೇ ಚಹಾದ ಹಾಗಿರುತ್ತದೆ ಅಂತ ತಿಳಿದವರು ಹೊಗಳುತ್ತಾರೆ.

18ನೇ ಶತಮಾನದಲ್ಲಿ ಜರ್ಮನಿಯ ಕಡೆಯ ಪ್ರಷ್ಯ ರಾಜ್ಯದ ದೊರೆ ಎರಡನೇ ಫ್ರೆಡರಿಕ್, ಪರವಾನಗಿ ಇಲ್ಲದೆ ಮನೆಯಲ್ಲಿ ಕದ್ದು ಕಾಫಿ ಹುರಿಯುವವರನ್ನು ಹಿಡಿಯಲು ನಿವೃತ್ತ ಸೈನಿಕರನ್ನು ನೇಮಿಸಿದ್ದ. ಬೀದಿ ಬೀದಿ ಮೂಸುತ್ತಾ ತಿರುಗುವುದೇ ಅವರ ಕೆಲಸ. ಜನ ಅವರನ್ನು ಕರೆಯುತ್ತಿದ್ದುದೂ 'ಕಾಫಿ ಮೂಸುವವರು' ಅಂತಲೇ. ಆಗ ಮೂಸಿದರೆ ಸಂಬಳ ಸಿಗುತ್ತಿತ್ತು. ನಮ್ಮವರು ಮೂಸುವುದನ್ನು ಕಲಿಯಲು ಫೀಸು ಕಟ್ಟಿದ್ದಾರೆ. ಸರ್ಟಿಫಿಕೇಟು ಚಕ್ರದ ಪಕ್ಕದಲ್ಲೇ ತೂಗುಹಾಕಿದೆ.

ಕಪ್ಪು ನನ್ನ ಕೈಗೆ ಬಂತು. "ಏನೇನು ಸಿಗ್ತಿದೆ ಹೇಳಿ" ಎಂದರು. ಕಣ್ಣು ಮುಚ್ಚಿ ಕುಡಿದೆ. ಬಹಳ ಯೋಚಿಸಿದೆ. "ಕಾಫಿ ಥರ ಇದೆ" ಎಂದೆ. ಅವರ ಮುಖ ಸಪ್ಪೆಯಾಯಿತು. ಪಾಪ ಅನ್ನಿಸಿ "ಕೊನೇಲಿ ಸ್ವಲ್ಪ ರಟ್ಟು" ಅಂತ ಸೇರಿಸಿದೆ. ಅದು ಇನ್ನೂ ಕೆಟ್ಟದ್ದಂತೆ.

"ಕೂತ್ಕೊಳ್ಳಿ, ಇನ್ನು 412 ಫೋಟೋ ಇದೆ, ಎರಡನೇ ಸುತ್ತು ಮಾಡ್ತೀನಿ" ಎಂದು ತಕ್ಕಡಿ ಮುಂದಕ್ಕೆಳೆದರು. ನಾನು ಖಾಲಿ ಕಪ್ಪು ಎತ್ತಿ ಮೆಲ್ಲಗೆ ಅಲ್ಲಾಡಿಸಿದೆ.

"ಹಾಗೇ ಇರಿ, ಹಾಗೇ ಇರಿ, ಬೆಳಕು ಚೆನ್ನಾಗಿ ಬಿದ್ದಿದೆ" ಎಂದು ಅವರು ಫೋನ್ ತೆಗೆದರು.