ಹಕ್ಕಿಯೂ ನಿಮ್ಮದೇ, ಸಾಲವೂ ನಿಮ್ಮದೇ

ಇಂಗ್ಲೆಂಡಿನ ಮತ್ತೊಂದು ಫುಟ್‌ಬಾಲ್ ಕ್ಲಬ್ಬಿಗೆ ಹೊಸ ವಿದೇಶಿ ಮಾಲೀಕರು ಬಂದಿದ್ದಾರೆ. ಬಂದವರೇ ಅಭಿಮಾನಿಗಳನ್ನು ಕರೆದು ಕೂರಿಸಿಕೊಂಡು, ನಿಮ್ಮ ಕ್ಲಬ್ಬಿನ ಅಸ್ಮಿತೆ ಏನು, ಮುಂದೆ ಅದು ಹೇಗಿರಬೇಕು ಎಂದು ಕೇಳುತ್ತಿದ್ದಾರೆ. ಯಾವ ಕ್ಲಬ್ಬು ಎಂಬುದನ್ನು ನೀವು ಓದಿಯೇ ಇರುತ್ತೀರಿ. ಓದಿರದಿದ್ದರೂ ನಷ್ಟವಿಲ್ಲ. ಕ್ಲಬ್ಬು ಬದಲಾಗುತ್ತದೆ, ಮಾಲೀಕರ ದೇಶ ಬದಲಾಗುತ್ತದೆ, ಸಭೆ ಮಾತ್ರ ಬದಲಾಗುವುದಿಲ್ಲ.

ಈ ವಿನಯವನ್ನು ಮೆಚ್ಚಲೇಬೇಕು. ನಮ್ಮ ಚಿಕ್ಕಮಗಳೂರಿನ ಕಡೆ ಕಾಫಿ ತೋಟ ಕೊಳ್ಳುವವರು ಒರಟರು. ಮೊದಲು ಪಹಣಿ ನೋಡುತ್ತಾರೆ, ಸರ್ವೆಯವರನ್ನು ಕರೆಸಿ ಹದ್ದುಬಸ್ತು ಮಾಡಿಸುತ್ತಾರೆ, ಬೇಸಿಗೆಯಲ್ಲಿ ಕೆರೆಗೆ ನೀರೆಲ್ಲಿಂದ ಎಂದು ವಿಚಾರಿಸುತ್ತಾರೆ, ಆಮೇಲೆ ದುಡ್ಡು ಎಣಿಸುತ್ತಾರೆ. ನೋಂದಣಿಯಾದ ಮರುದಿನ ಆಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, 'ಇದು ತೋಟವೋ ಗದ್ದೆಯೋ, ದಯವಿಟ್ಟು ನಿಮ್ಮ ಅಭಿಪ್ರಾಯ ತಿಳಿಸಿ' ಎಂದು ಕೇಳುವ ಸಂಸ್ಕಾರ ಇಲ್ಲಿ ಇನ್ನೂ ಬಂದಿಲ್ಲ.

ಕಾರ್ಡಿಫ್ ಸಿಟಿಯ ಕಥೆ ನೆನಪಿರಬೇಕು. 1908ರಿಂದ ನೀಲಿ ಅಂಗಿ ತೊಟ್ಟು ಆಡಿದ, ನೀಲಿ ಹಕ್ಕಿಯನ್ನೇ ಅಡ್ಡಹೆಸರಾಗಿ ಇಟ್ಟುಕೊಂಡ ತಂಡ ಅದು. 2012ರಲ್ಲಿ ಮಲೇಷ್ಯಾದ ಮಾಲೀಕ ವಿನ್ಸೆಂಟ್ ತಾನ್ ಅವರು ಅಂಗಿಯನ್ನು ಕೆಂಪು ಮಾಡಿದರು. ಲಾಂಛನದಲ್ಲಿ ದೊಡ್ಡದೊಂದು ಡ್ರ್ಯಾಗನ್ ಬಂದು ಕುಳಿತಿತು, ಹಕ್ಕಿ ಅದರ ಕೆಳಗೆ ಪುಟ್ಟದಾಗಿ ಮುದುಡಿಕೊಂಡಿತು. ಕೆಂಪು ಶುಭ, ಏಷ್ಯಾದ ಮಾರುಕಟ್ಟೆಗೆ ಅದೇ ಹಿಡಿಸುತ್ತದೆ ಎಂಬುದು ಕಾರಣ. ಎರಡೂವರೆ ವರ್ಷ ಜನ ಕೂಗಾಡಿದರು. 2015ರ ಜನವರಿಯಲ್ಲಿ ನೀಲಿ ವಾಪಸಾಯಿತು. ಒಗ್ಗಟ್ಟಿನ ಬಗ್ಗೆ ತಮ್ಮ ತಾಯಿ ಬುದ್ಧಿ ಹೇಳಿದರೆಂದು ಮಾಲೀಕರೇ ತಿಳಿಸಿದರು. ಸಾವಿರಾರು ಜನ ಕ್ರೀಡಾಂಗಣದಲ್ಲಿ ಗಂಟಲು ಹರಿದುಕೊಂಡದ್ದಕ್ಕಿಂತ ಮನೆಯಲ್ಲಿ ಅಮ್ಮನ ಒಂದು ಮಾತು ಮೇಲು. ಇದರಲ್ಲಿ ನನಗೆ ತಕರಾರಿಲ್ಲ. ಅಭಿಮಾನಿ ಸಂಘಗಳು ಇನ್ನು ಮುಂದೆ ಮನವಿಪತ್ರವನ್ನು ನೇರವಾಗಿ ತಾಯಂದಿರ ವಿಳಾಸಕ್ಕೇ ಕಳುಹಿಸುವುದು ಒಳ್ಳೆಯದು.

ಹಲ್ ಸಿಟಿಯ ಮಾಲೀಕರಾಗಿದ್ದ ಅಸೆಂ ಅಲ್ಲಾಂ ಹುಟ್ಟಿದ್ದು ಈಜಿಪ್ಟಿನಲ್ಲಾದರೂ ದಶಕಗಳಿಂದ ಆ ಊರಿನಲ್ಲೇ ಇದ್ದವರು. ಅವರಿಗೆ 'ಸಿಟಿ' ಎಂಬ ಹೆಸರು ತೀರಾ ಸಾಮಾನ್ಯ ಎನಿಸಿತು. 'ಹಲ್ ಟೈಗರ್ಸ್' ಎಂದರೆ ಹೊರದೇಶಗಳಲ್ಲಿ ಚೆನ್ನಾಗಿ ಬಿಕರಿಯಾಗುತ್ತದೆ ಎಂದು ಹೊರಟರು. ಸಾಯುವವರೆಗೂ ನಾವು ಸಿಟಿಯವರೇ ಎಂದು ಜನ ಹಾಡಿದರೆ, ಯಾವಾಗ ಬೇಕಾದರೂ ಸಾಯಲಿ ಎಂಬರ್ಥದ ಉತ್ತರ ಕೊಟ್ಟರು. 2014ರಲ್ಲಿ ಅಲ್ಲಿನ ಫುಟ್‌ಬಾಲ್ ಸಂಸ್ಥೆ ಹೆಸರು ಬದಲಾವಣೆಗೆ ಒಪ್ಪಿಗೆ ಕೊಡಲಿಲ್ಲ. ಆದರೂ ಇರುವುದರಲ್ಲಿ ಪ್ರಾಮಾಣಿಕ ಮನುಷ್ಯ ಇವರೇ. ಸಭೆ ಕರೆದು ಸಮಯ ಹಾಳು ಮಾಡಲಿಲ್ಲ.

ಹೊರಗಿನವರು ಬಂದು ಊರನ್ನು ತಮ್ಮದಾಗಿಸಿಕೊಳ್ಳುವುದು ನಮಗೇನು ಹೊಸದಲ್ಲ. 1978ರಲ್ಲಿ ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಕ್ಷೇತ್ರಕ್ಕೆ ಇಂದಿರಾ ಗಾಂಧಿ ಬಂದು ನಿಂತಾಗ ಇಡೀ ದೇಶ ಚಿಕ್ಕಮಗಳೂರು ಎಂಬ ಹೆಸರನ್ನು ಉಚ್ಚರಿಸಲು ಒದ್ದಾಡಿತು. 'ಏಕ್ ಶೇರ್ನಿ, ಸೌ ಲಂಗೂರ್, ಚಿಕ್ಕಮಗಳೂರು, ಚಿಕ್ಕಮಗಳೂರು' ಎಂದು ಘೋಷಣೆ ಕಟ್ಟಿದರು. ಸಿಂಹಿಣಿ ಯಾರು ಎಂಬುದು ಎಲ್ಲರಿಗೂ ಗೊತ್ತಿತ್ತು. ನೂರು ಮುಸುವಗಳು ಎದುರಾಳಿಗಳೋ, ದಾರಿಯ ಎರಡೂ ಬದಿ ನಿಂತು ಕೈಬೀಸಿದ ನಾವೋ ಎಂಬುದನ್ನು ಯಾರೂ ಬಿಡಿಸಿ ಹೇಳಲಿಲ್ಲ. ಗೆಲ್ಲಿಸಿ ಕಳುಹಿಸಿದೆವು. ಮುಂದಿನ ತಿಂಗಳೇ ಲೋಕಸಭೆ ಅವರನ್ನು ಹೊರಹಾಕಿತು. 1980ರಲ್ಲಿ ಅವರು ರಾಯ್‌ಬರೇಲಿ ಮತ್ತು ಮೇದಕ್‌ಗೆ ಹೋದರು. ನಮ್ಮ ಪಾಲಿಗೆ ಐ.ಜಿ. ರಸ್ತೆ ಉಳಿಯಿತು. ಇರಲಿ, ಅವರು ನಮ್ಮ ಲಾಂಛನವನ್ನಂತೂ ಕೇಳಿರಲಿಲ್ಲ.

ವಿದೇಶಿಯರು ಎಂದು ಮೂಗು ಮುರಿಯುವ ಮೊದಲು ಬ್ಲ್ಯಾಕ್‌ಬರ್ನ್ ಕಡೆಗೂ ನೋಡಬೇಕು. ಅಲ್ಲಿ ವಿದೇಶಿಯರು ನಾವೇ. 1875ರಲ್ಲಿ ಹುಟ್ಟಿದ, 1995ರಲ್ಲಿ ಪ್ರೀಮಿಯರ್ ಲೀಗ್ ಗೆದ್ದ ಬ್ಲ್ಯಾಕ್‌ಬರ್ನ್ ರೋವರ್ಸ್ ಕ್ಲಬ್ಬನ್ನು 2010ರಲ್ಲಿ ಪುಣೆಯ ಕೋಳಿ ಕಂಪನಿ ವೆಂಕೀಸ್ ಕೊಂಡಿತು. ಆಮೇಲೆ ಆಟಗಾರರು ಜಾಹೀರಾತಿನಲ್ಲಿ ಕೋಳಿ ತಿನ್ನುತ್ತ ಕಾಣಿಸಿಕೊಂಡರು. 2012ರ ಮೇ ತಿಂಗಳಲ್ಲಿ, ತಂಡ ಕೆಳದರ್ಜೆಗೆ ಬಿದ್ದ ಸಂಜೆ, ಅಭಿಮಾನಿಗಳು ಕ್ಲಬ್ಬಿನ ಬಾವುಟ ಸುತ್ತಿದ ಜೀವಂತ ಕೋಳಿಯೊಂದನ್ನು ಮೈದಾನಕ್ಕೆ ಬಿಟ್ಟರು. ಅಸ್ಮಿತೆಯ ಕುರಿತು ಇಷ್ಟು ಸ್ಪಷ್ಟವಾದ ಅಭಿಪ್ರಾಯ ಸಂಗ್ರಹ ಬೇರೆಲ್ಲೂ ನಡೆದಿಲ್ಲ.

ಕ್ರಮಬದ್ಧವಾಗಿ ನಡೆಸಿದವರೂ ಇದ್ದಾರೆ. ಇಟಲಿಯ ಮಾಲೀಕರಿದ್ದ ಲೀಡ್ಸ್ ಯುನೈಟೆಡ್ 2018ರಲ್ಲಿ ಹೊಸ ಲಾಂಛನ ಹೊರತಂದಿತು. ಆರು ತಿಂಗಳ ಅಧ್ಯಯನ, 10,000 ಜನರ ಜೊತೆ ಸಮಾಲೋಚನೆ ಎಂದು ಹೇಳಿಕೊಂಡಿತು. ಫಲವಾಗಿ ಬಂದದ್ದು ಎದೆಯ ಮೇಲೆ ಮುಷ್ಟಿ ಇಟ್ಟುಕೊಂಡ ತಲೆಯಿಲ್ಲದ ಒಬ್ಬ ಆಸಾಮಿಯ ಚಿತ್ರ. ಎದೆಯುರಿಗೆ ಮಾತ್ರೆ ಕೊಡುವವರ ಜಾಹೀರಾತಿನಂತಿದೆ ಎಂದು ಜನ ನಕ್ಕರು. ಕೆಲವೇ ಗಂಟೆಗಳಲ್ಲಿ ಹತ್ತಾರು ಸಾವಿರ ಮಂದಿ ವಿರೋಧಿಸಿ ಸಹಿ ಹಾಕಿದರು, ಕ್ಲಬ್ಬು ಹಿಂದೆ ಸರಿಯಿತು. ಆ ಹತ್ತು ಸಾವಿರ ಜನ ಆಗ ಎಲ್ಲಿ ಅಡಗಿದ್ದರೋ.

ನನ್ನನ್ನು ಕಾಡುವುದು ಬೇರೆ. ಇದೆಲ್ಲವೂ ನಡೆಯುವುದು ನಮ್ಮ ಹೆಸರಿನಲ್ಲಿ. ಏಷ್ಯಾದ ಅಭಿಮಾನಿಗೆ ಕೆಂಪು ಬೇಕು, ಏಷ್ಯಾದ ಅಭಿಮಾನಿಗೆ ಹುಲಿ ಬೇಕು. 2021ರಲ್ಲಿ ಯುರೋಪಿನ ಶ್ರೀಮಂತ ಕ್ಲಬ್ಬುಗಳು ಸೂಪರ್ ಲೀಗ್ ಎಂಬ ತಮ್ಮದೇ ಪ್ರತ್ಯೇಕ ಪಂದ್ಯಾವಳಿ ಕಟ್ಟಲು ಹೊರಟಾಗ ಊರಿನ ಹಳೆಯ ಅಭಿಮಾನಿಗಳು ಒಂದು ಜಾತಿ, ದೂರದೇಶಗಳ 'ಭವಿಷ್ಯದ ಅಭಿಮಾನಿಗಳು' ಇನ್ನೊಂದು ಜಾತಿ ಎಂದು ವಿಂಗಡಿಸಿದ್ದರಂತೆ. ಅಂಥ ಭವಿಷ್ಯದ ಅಭಿಮಾನಿಯೊಬ್ಬರು ನನಗೆ ಪರಿಚಿತರು. ಆಲ್ದೂರು ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರು. ಮಧ್ಯರಾತ್ರಿ ಮ್ಯಾಂಚೆಸ್ಟರ್ ಯುನೈಟೆಡ್ ಪಂದ್ಯ ನೋಡಿ, ಬೆಳಿಗ್ಗೆ ಏಳಕ್ಕೆ ಆಳುಗಳ ಹಾಜರಿ ಹಾಕುತ್ತಾರೆ. ಯಾವ ಬಣ್ಣ ಬೇಕು ಎಂದು ಯಾರಾದರೂ ಕೇಳಿದ್ದಾರೆಯೇ ಎಂದೆ. 'ಅವರ ಬಣ್ಣ ಅವರಿಗಿರಲಿ ಸಾರ್, ಮಳೆಗಾಲದಲ್ಲಿ ಕರೆಂಟು ಹೋಗದಿದ್ದರೆ ಸಾಕು' ಎಂದರು.

ಆ ಮ್ಯಾಂಚೆಸ್ಟರ್ ಯುನೈಟೆಡ್‌ನ ಬಣ್ಣ, ಹೆಸರುಗಳನ್ನು ಯಾರೂ ಮುಟ್ಟಿಲ್ಲ. ಅಮೆರಿಕದ ಗ್ಲೇಜರ್ ಕುಟುಂಬ 2005ರಲ್ಲಿ ಸುಮಾರು 790 ಮಿಲಿಯನ್ ಪೌಂಡಿಗೆ ಅದನ್ನು ಕೊಂಡಿತು. ದುಡ್ಡಿನ ಬಹುಪಾಲು ಸಾಲ. ಆ ಸಾಲದ ದೊಡ್ಡ ಹೊರೆಯನ್ನು ಕ್ಲಬ್ಬಿನ ತಲೆಗೇ ಕಟ್ಟಿದರು. ಅಲ್ಲಿಯವರೆಗೆ ಒಂದು ಪೌಂಡ್ ಸಾಲವಿಲ್ಲದ ಕ್ಲಬ್ಬು ತನ್ನನ್ನು ಕೊಂಡವರ ಬಡ್ಡಿಯನ್ನು ತಾನೇ ಕಟ್ಟುತ್ತ ಬಂದಿದೆ. ಈ ವಿಷಯಕ್ಕೆ ಸಭೆ ಕರೆಯಲಿಲ್ಲ, ಪ್ರಶ್ನಾವಳಿ ಹಂಚಲಿಲ್ಲ. 2024ರಲ್ಲಿ, ಋತುವಿನ ನಡುವೆಯೇ, ಸದಸ್ಯರ ಟಿಕೆಟ್ ದರವನ್ನು 66 ಪೌಂಡಿಗೆ ಏರಿಸಿ ಮಕ್ಕಳಿಗೂ ಮುದುಕರಿಗೂ ಇದ್ದ ರಿಯಾಯಿತಿ ತೆಗೆದಾಗ ಯಾರ ಅಸ್ಮಿತೆಯನ್ನೂ ವಿಚಾರಿಸಲಿಲ್ಲ. ಅಜ್ಜನ ಕಾಲದಿಂದ ಅದೇ ಮೆಟ್ಟಿಲಲ್ಲಿ ಕುಳಿತವರನ್ನು ಹಕ್ಕಿ ದೊಡ್ಡದಿರಲೋ ಚಿಕ್ಕದಿರಲೋ ಎಂದು ಕೇಳುತ್ತಾರೆ. ಲೆಕ್ಕದ ಪುಸ್ತಕ ತೆರೆಯುವ ಹೊತ್ತಿಗೆ ಸಭೆ ಮುಗಿದಿರುತ್ತದೆ. ಇದರಲ್ಲಿ ನಗುವಂಥದ್ದು ನನಗೆ ಏನೂ ಕಾಣುತ್ತಿಲ್ಲ.

ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಪಾನೀಯದ ಕಂಪನಿ ರೆಡ್ ಬುಲ್ 2005ರಲ್ಲಿ ಊರಿನ ಕ್ಲಬ್ಬನ್ನು ಕೊಂಡು, ಅದರ ನೇರಳೆ ಬಣ್ಣವನ್ನು ತೆಗೆದು ತನ್ನ ಕೆಂಪು ಬಿಳುಪು ಬಳಿಯಿತು. ಅಭಿಮಾನಿಗಳ ಜೊತೆ ತಿಂಗಳುಗಟ್ಟಲೆ ಮಾತುಕತೆ ನಡೆಯಿತು. ಕೊನೆಗೆ ಕಂಪನಿ ಔದಾರ್ಯ ತೋರಿ, ಗೋಲ್‌ಕೀಪರ್‌ನ ಕಾಲುಚೀಲ ನೇರಳೆಯಾಗಿರಲಿ ಎಂದಿತು. ಜನ ಎದ್ದು ಹೋಗಿ ಹಳೆಯ ಹೆಸರಿನಲ್ಲಿ, ಹಳೆಯ ಬಣ್ಣದಲ್ಲಿ ತಮ್ಮದೇ ಕ್ಲಬ್ಬು ಕಟ್ಟಿ, ಏಳನೇ ದರ್ಜೆಯಿಂದ ಆಟ ಶುರು ಮಾಡಿದರು.

ರೈಟರಿಗೆ ಇದನ್ನು ಹೇಳಿದೆ. ಬಹಳ ಸಂತೋಷಪಟ್ಟರು. 'ಮಾಡಬೇಕಾದದ್ದೇ ಅದು ಸಾರ್. ಆದರೆ ಏಳನೇ ದರ್ಜೆಯ ಪಂದ್ಯ ನಮ್ಮ ಟಿವಿಯಲ್ಲಿ ಬರುವುದಿಲ್ಲವಲ್ಲ' ಎಂದರು.