ಮುಖ ಒಬ್ಬರದು, ಕಾಲು ಇನ್ನೊಬ್ಬರದು

ಟಿವಿಯಲ್ಲಿ ಯಾವುದೋ ಇಂಗ್ಲಿಷ್ ಸಿನಿಮಾ ಬರುತ್ತಿತ್ತು. ಜೈಲಿನ ಅಂಗಳ, ಕೈದಿಗಳ ಗುಂಪು, ಮಧ್ಯದಲ್ಲಿ ತೆಂಗಿನ ಮರದ ಹಾಗೆ ಒಬ್ಬ. ಸೊಪ್ಪು ಬಿಡಿಸುತ್ತ ಕೂತಿದ್ದ ಅಮ್ಮ ಕನ್ನಡಕ ಏರಿಸಿಕೊಂಡು, "ಲೋ, ಇವನು ಹಿಂದಿ ಬಿಗ್ ಬಾಸ್‌ನಲ್ಲಿ ಇದ್ದನಲ್ವೇನೋ?" ಅಂದರು.

ಇದ್ದದ್ದು ನಿಜ. ದ ಗ್ರೇಟ್ ಖಲಿ, ಅಂದರೆ ಹಿಮಾಚಲದ ದಲೀಪ್ ಸಿಂಗ್ ರಾಣಾ. ಕುಸ್ತಿಗೆ ಹೋಗುವ ಮೊದಲು ಪಂಜಾಬ್ ಪೊಲೀಸ್‌ನಲ್ಲಿದ್ದವರು ಅಂತ ಹೇಳಿದೆ. ಅಮ್ಮನಿಗೆ ನಗು ತಡೆಯಲಿಲ್ಲ. "ಪೊಲೀಸಿನವನನ್ನೇ ಒಳಗೆ ಹಾಕಿದ್ದಾರಲ್ಲೋ!"

ಸಿನಿಮಾ 2005ರ 'ದ ಲಾಂಗೆಸ್ಟ್ ಯಾರ್ಡ್'. ನಾಯಕ ಆಡಮ್ ಸ್ಯಾಂಡ್ಲರ್, ಜೊತೆಗೆ ಕ್ರಿಸ್ ರಾಕ್. ಕೈದಿಗಳು ಮತ್ತು ಕಾವಲುಗಾರರ ನಡುವೆ ಫುಟ್‌ಬಾಲ್ ಪಂದ್ಯ. ಅಮ್ಮನ ಎರಡನೇ ಪ್ರಶ್ನೆ ಸಿದ್ಧವಾಗಿತ್ತು. "ಇದು ಫುಟ್‌ಬಾಲಾ? ಕೈಯಲ್ಲಿ ಹಿಡ್ಕೊಂಡು ಓಡ್ತಿದ್ದಾರೆ?"

ಇದು ಅಮೆರಿಕದವರ ಫುಟ್‌ಬಾಲ್. ಚೆಂಡು ಗುಂಡಗೂ ಇರುವುದಿಲ್ಲ, ಕಾಲಿಗೆ ಕೆಲಸವೂ ಕಡಿಮೆ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದಕ್ಕೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಸಿಗುತ್ತವೆ, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ಎದುರಾಳಿ ಓಡುವವನನ್ನು ಕೆಡವಬೇಕು. ಕಬಡ್ಡಿಯಲ್ಲಿ ರೈಡರ್ ನಾಲ್ಕು ಜನರ ಕೆಳಗೆ ಸಿಕ್ಕಿಬಿದ್ದು, ಮಧ್ಯದ ಗೆರೆಗೆ ಬೆರಳು ಚಾಚುತ್ತಾನಲ್ಲ, ಆ ಕೊನೆಯ ಒಂದು ಮೊಳ ಇದೆಯಲ್ಲ, ಹೆಚ್ಚು ಕಡಿಮೆ ಅದೇ ಈ ಸಿನಿಮಾದ ಹೆಸರಿನಲ್ಲಿರುವ ಗಜ. "ಕಬಡ್ಡಿ ಅಂದ್ಕೋ ಅಮ್ಮ. ಹೆಲ್ಮೆಟ್ ಇದೆ, ಉಸಿರು ಬಿಡಬಹುದು" ಅಂದೆ. ಅವರಿಗೆ ಅರ್ಥವಾಯಿತು. ನನಗೆ ಮಾತ್ರ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ.

ಇದು ರಿಮೇಕ್. ಮೂಲ ಚಿತ್ರ ಬಂದದ್ದು 1974ರಲ್ಲಿ. ನಿರ್ದೇಶಕ ರಾಬರ್ಟ್ ಆಲ್ಡ್ರಿಚ್, ನಾಯಕ ಬರ್ಟ್ ರೆನಾಲ್ಡ್ಸ್. ದುಡ್ಡಿಗಾಗಿ ಆಟ ಮಾರಿಕೊಂಡು ಹೆಸರು ಕೆಡಿಸಿಕೊಂಡ ಆಟಗಾರನೊಬ್ಬ ಪ್ರೇಯಸಿಯ ದುಬಾರಿ ಕಾರು ಎತ್ತಿಕೊಂಡು ಹೋಗಿ ನೀರಿಗೆ ಬಿಡುತ್ತಾನೆ. ಜೈಲು ಸೇರುತ್ತಾನೆ. ಅಲ್ಲಿನ ವಾರ್ಡನ್‌ಗೆ ಫುಟ್‌ಬಾಲ್ ಹುಚ್ಚು. ಕಾವಲುಗಾರರ ತಂಡಕ್ಕೆ ಒದೆಯಲು ಒಂದು ಕೈದಿಗಳ ತಂಡ ಬೇಕು. ಕೈದಿಗಳು ಸುಮ್ನೆ ಒದೆಸಿಕೊಳ್ಳುತ್ತಾರಾ? ಚಿತ್ರದ ಕೊನೆಯ ಮುಕ್ಕಾಲು ಗಂಟೆ ಬರೀ ಪಂದ್ಯ. ಜಾರ್ಜಿಯಾದ ರೀಡ್ಸ್‌ವಿಲ್‌ನಲ್ಲಿದ್ದ ನಿಜವಾದ ಜೈಲಿನಲ್ಲೇ ಚಿತ್ರೀಕರಣ ನಡೆಯಿತು. ಆಗ ಆ ರಾಜ್ಯದ ಗವರ್ನರ್ ಜಿಮ್ಮಿ ಕಾರ್ಟರ್. ಎರಡು ವರ್ಷದ ಮೇಲೆ ಅಮೆರಿಕದ ಅಧ್ಯಕ್ಷ ಚುನಾವಣೆ ಗೆದ್ದರಲ್ಲ, ಅವರೇ.

ರಿಮೇಕ್ ಅಂದರೆ ನಾವು ಕನ್ನಡಿಗರು ಒಂದು ಕೈ ಹೆಚ್ಚೇ ಬಲ್ಲೆವು. ಅದಕ್ಕೆ ಎದುರಾಗಿ 'ಸ್ವಮೇಕ್' ಅನ್ನುವ ಪದವನ್ನೇ ಹುಟ್ಟಿಸಿಕೊಂಡವರು ನಾವು. ನಮ್ಮ ತಕರಾರು ಯಾವಾಗಲೂ ಕಥೆಯದು: ಕಥೆ ಎರವಲಾ, ಸ್ವಂತದ್ದಾ? ಆದರೆ ಈ ಜೈಲು ಫುಟ್‌ಬಾಲ್ ಚಿತ್ರಗಳನ್ನು ಒಂದಾದ ಮೇಲೊಂದು ನೋಡಿದಾಗ ನನಗೆ ಬೇರೆಯೇ ಒಂದು ಸಂಶಯ ಹತ್ತಿತು. ಇಲ್ಲಿ ಕಥೆ ಎಲ್ಲಿಂದ ತಂದರು ಅನ್ನುವುದು ಅಷ್ಟು ಮುಖ್ಯವಲ್ಲ. ಮೈ ಎಲ್ಲಿಂದ ತಂದರು ಅನ್ನುವುದು ಮುಖ್ಯ.

ಯಾಕೆಂದರೆ ಅಳುವುದನ್ನು ನಟಿಸಬಹುದು, ಸಾಯುವುದನ್ನು ನಟಿಸಬಹುದು, ಓಡುವುದನ್ನು ನಟಿಸಲು ಆಗುವುದಿಲ್ಲ. ನಮ್ಮ ಚಿತ್ರಗಳಲ್ಲೂ ನೋಡಿ, ನಾಯಕ ಕಬಡ್ಡಿ ಅಂಗಳಕ್ಕಿಳಿದರೆ ಎದುರಾಳಿಗಳು ಅವನು ಮುಟ್ಟುವ ಮೊದಲೇ ಹಾರಿ ಬೀಳುತ್ತಾರೆ. ಕ್ಯಾಮೆರಾ ಒಮ್ಮೆ ಕಾಲು ತೋರಿಸುತ್ತದೆ, ಒಮ್ಮೆ ಮುಖ ತೋರಿಸುತ್ತದೆ, ಎರಡೂ ಒಟ್ಟಿಗೆ ಬರುವುದೇ ಇಲ್ಲ. ಕಾಲು ಯಾರದೋ, ಪಾಪ.

1974ರವರು ಇದಕ್ಕೆ ಸುಲಭದ ದಾರಿ ಹಿಡಿದರು. ಆಟಗಾರರನ್ನೇ ಕರೆತಂದರು. ರೆನಾಲ್ಡ್ಸ್ ಸ್ವತಃ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವರು. ಮಂಡಿಗೆ ಏಟಾಯಿತು, ಮೇಲೊಂದು ಕಾರು ಅಪಘಾತವಾಯಿತು, ಆಟ ಮುಗಿಯಿತು. ಇಲ್ಲವಾದರೆ ಸಿನಿಮಾ ಕಡೆ ಬರುತ್ತಲೇ ಇರಲಿಲ್ಲವೇನೋ. ಕಾವಲುಗಾರರ ತಂಡದಲ್ಲಂತೂ ಮೂವರು ವೃತ್ತಿಪರರು. ಜೋ ಕ್ಯಾಪ್, ಮಿನೆಸೋಟ ವೈಕಿಂಗ್ಸ್ ತಂಡವನ್ನು 1970ರಲ್ಲಿ ಸೂಪರ್ ಬೌಲ್, ಅಂದರೆ ಅಲ್ಲಿನ ಫುಟ್‌ಬಾಲ್ ಲೀಗಿನ ಫೈನಲ್‌ವರೆಗೆ ಕರೆದುಕೊಂಡು ಹೋದವರು. ಮೈಕ್ ಹೆನ್ರಿ, ಫುಟ್‌ಬಾಲ್ ಆಡಿ ಆಮೇಲೆ ತೆರೆಯ ಮೇಲೆ ಟಾರ್ಜನ್ ಆದವರು. ಮೂರನೆಯವರು ರೇ ನಿಚ್ಕೆ. ಗ್ರೀನ್ ಬೇ ಪ್ಯಾಕರ್ಸ್ ತಂಡದ ಬೋಳುತಲೆಯ ಈ ಲೈನ್‌ಬ್ಯಾಕರ್ (ಚೆಂಡು ಹಿಡಿದು ಬರುವವನನ್ನು ಕೆಡವುವ ಆಟಗಾರ) ಅಂದರೆ ಎದುರಾಳಿಗಳಿಗೆ ನಡುಕ. ಮೊದಲ ಎರಡು ಸೂಪರ್ ಬೌಲ್ ಗೆದ್ದ ತಂಡದಲ್ಲಿದ್ದವರು.

ಅಂಥ ನಿಚ್ಕೆಗೆ ಚಿತ್ರದಲ್ಲಿ ಸಿಕ್ಕ ಅಮರ ದೃಶ್ಯ ಯಾವುದು ಗೊತ್ತಾ? ನಾಯಕ ಬೇಕೆಂದೇ ಗುರಿಯಿಟ್ಟು ಚೆಂಡನ್ನು ಇವರ ಹೇಳಬಾರದ ಜಾಗಕ್ಕೆ ಎಸೆಯುತ್ತಾನೆ. ನಿಚ್ಕೆ ಕುಸಿಯುತ್ತಾರೆ. ಮತ್ತೆ ಎದ್ದು ಬರುತ್ತಾರೆ. ಮತ್ತೆ ಅಲ್ಲಿಗೇ ಎಸೆಯುತ್ತಾನೆ. ಇದೇ ಜಾಗದಲ್ಲಿ ಸಾಧಾರಣ ಹಾಸ್ಯನಟ ಇದ್ದಿದ್ದರೆ ಕಣ್ಣು ಗುಡ್ಡೆ ತಿರುಗಿಸಿ ಹಾಳು ಮಾಡುತ್ತಿದ್ದ. ನಿಜವಾದ ಗೂಳಿಯಂಥ ಮನುಷ್ಯ ಬಿದ್ದಾಗ ಬರುವ ನಗುವೇ ಬೇರೆ.

2001ರಲ್ಲಿ ಇಂಗ್ಲೆಂಡಿನವರು ಇದೇ ಕಥೆಯನ್ನು 'ಮೀನ್ ಮೆಷೀನ್' ಅಂತ ತೆಗೆದರು. ಅವರು ಮಾಡಿದ ಜಾಣತನ, ಆಟವನ್ನೇ ಬದಲಾಯಿಸಿದ್ದು. ಇಲ್ಲಿ ನಮಗೆ ಗೊತ್ತಿರುವ, ಕಾಲಲ್ಲಿ ಒದೆಯುವ ಫುಟ್‌ಬಾಲ್. ಪಂದ್ಯ ಮಾರಿಕೊಂಡ ಇಂಗ್ಲೆಂಡ್ ನಾಯಕನ ಪಾತ್ರಕ್ಕೆ ವಿನ್ನಿ ಜೋನ್ಸ್. ಈ ಮಹಾಶಯ ವಿಂಬಲ್ಡನ್ ಕ್ಲಬ್‌ನಲ್ಲಿದ್ದಾಗ 1988ರಲ್ಲಿ ಬಲಾಢ್ಯ ಲಿವರ್‌ಪೂಲನ್ನು 1-0ಯಿಂದ ಸೋಲಿಸಿ ಎಫ್‌ಎ ಕಪ್ ಎತ್ತಿದ ತಂಡದವರು. ಅದೇ ವರ್ಷದ ಒಂದು ಫೋಟೊ ಜಗತ್ಪ್ರಸಿದ್ಧ: ಬೆನ್ನ ಹಿಂದೆ ನಿಂತ ಎದುರಾಳಿ ತಂಡದ ಪಾಲ್ ಗ್ಯಾಸ್ಕಾಯ್ನ್ ಅವರ ಅದೇ, ಹೇಳಬಾರದ ಜಾಗವನ್ನು ಹಿಡಿದು ಹಿಂಡುತ್ತಿದ್ದಾರೆ. (ಈ ಕಥೆಗೂ ಆ ಜಾಗಕ್ಕೂ ಏನೋ ಋಣಾನುಬಂಧ.) ಇನ್ನೊಂದು ಪಂದ್ಯದಲ್ಲಿ ಆಟ ಶುರುವಾಗಿ ಸುಮಾರು 3 ಸೆಕೆಂಡಿಗೇ ಹಳದಿ ಕಾರ್ಡ್. ಇಂಥವರನ್ನು ಜೈಲಿಗೆ ಹಾಕಿದ ಹಾಗೆ ತೋರಿಸಿದರೆ ಯಾರಾದರೂ ಯಾಕೆ ಅಂತ ಕೇಳುತ್ತಾರಾ? ಚಿತ್ರ ಸಾಧಾರಣ. ಆದರೆ ವಿನ್ನಿ ಚೆಂಡು ನಿಲ್ಲಿಸುವ ರೀತಿ ನೋಡಿದರೆ ಟಿಕೆಟ್ ದುಡ್ಡು ವಾಪಸ್ ಬಂದ ಹಾಗೆ.

ಜೈಲಲ್ಲ, ಯುದ್ಧಕೈದಿಗಳ ಶಿಬಿರ. ಆದರೂ 1981ರ 'ಎಸ್ಕೇಪ್ ಟು ವಿಕ್ಟರಿ'ಯನ್ನು ಬಿಟ್ಟು ಮುಂದೆ ಹೋಗಲಾರೆ. ಅದರ ಕಥೆಗೂ 1961ರ ಒಂದು ಹಂಗೇರಿಯನ್ ಚಿತ್ರವೇ ಮೂಲ. ನಾಜಿಗಳ ವಿರುದ್ಧ ಆಡುವ ಕೈದಿಗಳು ಯಾರು ಅಂದರೆ ವಿಶ್ವಕಪ್ ಗೆದ್ದ ಪೆಲೆ, ಬಾಬಿ ಮೂರ್, ಆರ್ಡಿಲೆಸ್. ನಾಜಿಗಳ ಮೇಲೆ ಅಯ್ಯೋ ಅನಿಸುತ್ತದೆ! ನಾಯಕ ಮೈಕೆಲ್ ಕೇನ್‌ಗೆ ಆ ಹೊತ್ತಿಗೆ ನಲವತ್ತು ದಾಟಿ ಸುಮಾರು ವರ್ಷ, ಹೊಟ್ಟೆಯೂ ಬಂದಿತ್ತು. ಅವರ ಬದಲು ಓಡಿದ್ದು ಇಪ್ಸ್‌ವಿಚ್ ಟೌನ್ ಆಟಗಾರ ಕೆವಿನ್ ಬೀಟಿ. ನೋಡಿ, ಮತ್ತೆ ಮುಖ ಒಬ್ಬರದು, ಕಾಲು ಇನ್ನೊಬ್ಬರದು. ಪೆಲೆ ಬೈಸಿಕಲ್ ಕಿಕ್ ಹೊಡೆಯುವಾಗ ಮಾತ್ರ ಕ್ಯಾಮೆರಾ ಎಲ್ಲಿಗೂ ಓಡಿ ಹೋಗುವುದಿಲ್ಲ. ಪೂರ್ತಿ ಮನುಷ್ಯನನ್ನು ತೋರಿಸುತ್ತದೆ, ಮತ್ತೆ ಮತ್ತೆ ತೋರಿಸುತ್ತದೆ.

ಸ್ಯಾಂಡ್ಲರ್ ಕಥೆಗೆ ಬಂದರೆ, ಆತ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡ ನಡೆಸುವವನು ಅಂತ ನಂಬುವುದು ನನಗೆ ಕಷ್ಟವಾಯಿತು. ಆಫೀಸಿನಲ್ಲಿ ಪಕ್ಕದ ಕುರ್ಚಿಯವನ ಹಾಗೆ ಇದ್ದಾರೆ. ಅದು ಚಿತ್ರದವರಿಗೂ ಗೊತ್ತಿದ್ದಿರಬೇಕು. ಅದಕ್ಕೇ ಸುತ್ತಲೂ ಬೆಟ್ಟಗಳನ್ನು ನಿಲ್ಲಿಸಿದ್ದಾರೆ. ಡಲ್ಲಸ್ ಕೌಬಾಯ್ಸ್‌ನ ಮೈಕೆಲ್ ಅರ್ವಿನ್, ಲೈನ್‌ಬ್ಯಾಕರ್ ಬಿಲ್ ರೊಮನೌಸ್ಕಿ, ಕುಸ್ತಿಯ ಸ್ಟೀವ್ ಆಸ್ಟಿನ್, ಗೋಲ್ಡ್‌ಬರ್ಗ್, ಬಾಬ್ ಸ್ಯಾಪ್, ಕೊನೆಗೆ ನಮ್ಮ ಏಳಡಿ ಮೀರಿದ ಖಲಿ. ಮದುವೆ ಮನೆಯಲ್ಲಿ ಸಾರು ತೆಳ್ಳಗಾಯಿತು ಅಂತ ಹಪ್ಪಳ, ಸಂಡಿಗೆ, ಪಾಯಸ ಎಲ್ಲ ಜಾಸ್ತಿ ಬಡಿಸುತ್ತಾರಲ್ಲ, ಹಾಗೆ. ದೂರುವುದಿಲ್ಲ. ನಾನು ಹಪ್ಪಳದವನೇ.

ಹಳೆಯ ನಾಯಕ ರೆನಾಲ್ಡ್ಸ್ ಇಲ್ಲಿ ಕೋಚ್. ಎಪ್ಪತ್ತರ ಹತ್ತಿರ. ಅಂಚಿನಲ್ಲಿ ನಿಂತು ಕೂಗುವುದಷ್ಟೇ ಕೆಲಸ ಅಂದುಕೊಂಡಿದ್ದೆ. ಪಂದ್ಯದ ಮಧ್ಯೆ ಇದ್ದಕ್ಕಿದ್ದಂತೆ ಹೆಲ್ಮೆಟ್ ಹಾಕಿಕೊಂಡು ಅಂಗಳಕ್ಕೇ ಇಳಿದುಬಿಟ್ಟರು. ಈ ಓಟ ಅವರದೋ, ಬೇರೆಯವರದೋ? ನಾನು ಮುಂದಕ್ಕೆ ಬಾಗಿ ಕಾಲು ನೋಡತೊಡಗಿದೆ. ಮುಖ, ಕಾಲು, ಮುಖ, ಕಾಲು. ಹಿಡಿಯಲು ಆಗಲಿಲ್ಲ.

"ಯಾರೋ ಇವರು, ಈ ವಯಸ್ಸಲ್ಲಿ?" ಅಮ್ಮ ಕೇಳಿದರು.

"ಕಾಲೇಜಲ್ಲಿ ಆಡ್ತಿದ್ರಂತೆ ಅಮ್ಮ. ಮಂಡಿಗೆ ಏಟಾಗಿ ಬಿಟ್ಟರಂತೆ."

"ಮಂಡಿಗಾ?" ಅಮ್ಮ ಸೊಪ್ಪಿನ ತಟ್ಟೆ ಪಕ್ಕಕ್ಕಿಟ್ಟರು. ಅಲ್ಲಿಂದಾಚೆ ಖಲಿಯ ಕಡೆ ತಿರುಗಿಯೂ ನೋಡಲಿಲ್ಲ. ರೆನಾಲ್ಡ್ಸ್ ಬಿದ್ದಾಗಲೆಲ್ಲ ತಮ್ಮ ಬಲಗಾಲಿನ ಮಂಡಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಳ್ಳುತ್ತಿದ್ದರು.